ಯಾವ ಕಂಪನಿ?

ನಾಟಕ ಶಾಲೆ ಮುಗಿಸಿ ನಾಟಕ ಕಂಪನಿ ಸೇರಿದ್ದೆ. ನಮ್ಮ ಬ್ಯಾಚಿನಲ್ಲಿ ಕೆಲಸ ಸಿಕ್ಕ ಮಹಾಪುರುಷ ನಾನೊಬ್ಬನೇ. ಹರಪನಹಳ್ಳಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಕೇಳಿದರು, "ಯಾವ ಕಂಪನಿರೀ?" ಹೆಸರು ಹೇಳಿದೆ. ಅವರು ಔಷಧಿ ಕಂಪನಿ ಎಂದುಕೊಂಡರು.

"ಈಗ ಎಲ್ಲದೀರಿ?"

"ಕೊಟ್ಟೂರಾಗ ಕ್ಯಾಂಪ್ ಐತ್ರಿ."

"ಅಲ್ಲಿ ನಿಮ್ಮ ಕೆಲಸ?"

"ಹೀರೋಯಿನ್ ಅತ್ತಿ ಪಾರ್ಟ್ ಮಾಡ್ತೀನ್ರಿ."

ಒಳಗೆ ಹುಡುಗಿ ಕಿಸಕ್ಕನೆ ನಕ್ಕಳು. ನನಗೆ ಅವಳು ಅಲ್ಲಿಯೇ ಒಪ್ಪಿಗೆಯಾದಳು.

"ಒಂದೀಟು ಮಾಡಿ ತೋರಿಸ್ರಿ" ಎಂದರು ಅಪ್ಪ. ಅತ್ತೆಯ ದನಿ ತೆಗೆದು ಸೊಸೆಯನ್ನು ಬೈದೆ. ಅವರು ಕಣ್ಣೊರೆಸಿಕೊಂಡು ನಕ್ಕರು. "ಭಾಳ ಚಲೋ ಮಾಡ್ತೀರಿ. ಹೆಣ್ಣು ಮಾತ್ರ ಕೊಡಾಕ ಆಗಂಗಿಲ್ರಿ."

ಕೊಟ್ಟೂರಿನ ಬಸ್ಸಿನಲ್ಲಿ ಕೂತು ಅಳಲು ನೋಡಿದೆ. ಶಾಲೆಯಲ್ಲಿ ಕಲಿಸಿದ ಹಾಗೆ ಉಸಿರು ಬಿಗಿಹಿಡಿದೆ. ಏನೂ ಬರಲಿಲ್ಲ. ಸಂಜೆಯ ಆಟಕ್ಕೆ ಸೀರೆ ಉಟ್ಟೆ.