ಭಾವನ ಕ್ಲಬ್ಬಿನ ಹುಚ್ಚು

ಐವತ್ತು ದಾಟಿದ ಮೇಲೆ ನಮ್ಮ ಭಾವನಿಗೆ ದೊಡ್ಡ ಮನುಷ್ಯನಾಗುವ ಚಪಲ ಹತ್ತಿಕೊಂಡಿತು. ಮಾರುಕಟ್ಟೆ ಬೀದಿಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಲೆನ್ಸ್ ಉಜ್ಜುವ ಯಂತ್ರವಿಟ್ಟ ಕತ್ತಲೆ ಕೋಣೆ. ಕೆಲಸದಲ್ಲಿ ಎತ್ತಿದ ಕೈ. ಒಂದು ದಿನ ಕಾರು ಮಾರುವ ದೊಡ್ಡ ವ್ಯಾಪಾರಿಯೊಬ್ಬರು ಕನ್ನಡಕ ಕೊಳ್ಳಲು ಬಂದರು. ಊರಾಚೆಯ ಕಂಟ್ರಿ ಕ್ಲಬ್ಬಿನ ಸದಸ್ಯರು. "ನಿಮ್ಮಂಥವರು ನಮ್ಮ ಕ್ಲಬ್ಬಿಗೆ ಸೇರ್ಬೇಕು ಕಣ್ರೀ" ಅಂದು ಹೋದದ್ದೇ ತಡ, ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸದಸ್ಯತ್ವದ ಶುಲ್ಕ ಕಟ್ಟಿದರೆ, ಕಣ್ಣು ಪರೀಕ್ಷೆಯ ಹೊಸ ಯಂತ್ರಕ್ಕೆಂದು ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಒಂದೇ ಏಟಿಗೆ ಖಾಲಿ. ಅದು ಬರೀ ಒಳಗೆ ಕಾಲಿಡುವುದಕ್ಕೆ. ತಿಂಗಳ ಚಂದಾ ಬೇರೆ.

"ಅಲ್ಲಿರೋರೆಲ್ಲ ವಯಸ್ಸಾದೋರು ಕಣೇ. ಒಬ್ಬೊಬ್ಬರಿಗೂ ಎರಡೆರಡು ಕನ್ನಡಕ ಬೇಕು. ಹಾಕಿದ ದುಡ್ಡು ವರ್ಷದಲ್ಲಿ ವಾಪಸ್ಸು," ಅಂದರು ಭಾವ.

"ಹಾಗಾದ್ರೆ ಇಷ್ಟು ದಿನ ಅವರೆಲ್ಲ ತಡಕಾಡ್ಕೊಂಡು ಓಡಾಡ್ತಿದ್ರಾ?" ಅಂದಳು ಅಕ್ಕ.

ಕೊನೆಗೆ, ಆ ವ್ಯಾಪಾರಿಯ ಅತಿಥಿಗಳಾಗಿ ಒಂದು ಭಾನುವಾರ ಹೋಗಿ ನೋಡಿ ಬರುವುದೆಂದಾಯಿತು. ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು.

ಬಾಗಿಲಲ್ಲೇ ತಡೆದರು. ಗಂಡಸರು ಚಪ್ಪಲಿಯಲ್ಲಿ ಒಳಗೆ ಹೋಗುವಂತಿಲ್ಲವಂತೆ. ನಾನೇನೋ ಬೂಟು ಹಾಕಿದ್ದೆ. ಕಾವಲುಗಾರ ಬೀರು ತೆರೆದು ಭಾವನಿಗೊಂದು ಜೊತೆ ಎರವಲು ಬೂಟು ಕೊಟ್ಟ. ಅವರದು ಪುಟ್ಟ ಪಾದ, ಬೂಟೋ ದೋಣಿಯಷ್ಟು ದೊಡ್ಡದು. ನಾನಾಗಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದೆ. ಭಾವ ಪಟಪಟ ಸದ್ದು ಮಾಡಿಕೊಂಡು ನಡೆಯುತ್ತಾ, "ಶಿಸ್ತು ಅಂದ್ರೆ ಹೀಗಿರ್ಬೇಕು ನೋಡು," ಅಂದರು.

ಒಳಗಿನ ವೈಭವವೋ, ಕೇಳಬೇಡಿ. ಕುಸಿದ ಸೋಫಾ, ಕಮಟು ವಾಸನೆಯ ಪರದೆ, ಗೋಡೆ ತುಂಬ ಮಾಜಿ ಅಧ್ಯಕ್ಷರ ಫೋಟೊಗಳು. ಒಂದೊಂದು ಮುಖವೂ ಯಾರನ್ನೋ ಗದರಿಸಲು ಹೊರಟಂತೆ. ಈಜುಕೊಳದ ಸುತ್ತ ಹೆಂಗಸರು ಕೂತಿದ್ದರು. ನೀರಿಗಿಳಿದವರು ಒಬ್ಬರೂ ಇಲ್ಲ. ಡ್ರೈವರುಗಳನ್ನು ಬೈಯುವುದರಲ್ಲೇ ಅವರಿಗೆ ಬೇಕಾದಷ್ಟು ವ್ಯಾಯಾಮವಾಗುತ್ತಿತ್ತು. ಇಸ್ಪೀಟು ಕೋಣೆಯಲ್ಲಿ ಬಿಳಿ ಕೂದಲಿನ ಗಂಡಸರು ಒಂದು ಎಲೆಗಾಗಿ ಚಿಕ್ಕ ಮಕ್ಕಳಂತೆ ಕಿತ್ತಾಡುತ್ತಿದ್ದರು. ನಮ್ಮನ್ನು ಕರೆಸಿದ್ದ ವ್ಯಾಪಾರಿ ಅಲ್ಲಿಂದಲೇ "ಬಂದ್ರಾ? ನೋಡ್ಕೊಳ್ಳಿ, ನೋಡ್ಕೊಳ್ಳಿ," ಅಂದು ಆಟಕ್ಕೆ ತಿರುಗಿಕೊಂಡರು.

ಅಷ್ಟರಲ್ಲಿ ಮುದುಕರೊಬ್ಬರ ಕನ್ನಡಕದ ಕಡ್ಡಿ ಕಳಚಿ ಎಲೆಗಳ ಮೇಲೆ ಬಿತ್ತು. ಭಾವ ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಕ್ಷಣದಲ್ಲಿ ಸರಿಮಾಡಿಕೊಟ್ಟರು. ಪಕ್ಕದವರು, "ಇದನ್ನೂ ಸ್ವಲ್ಪ ನೋಡಪ್ಪ," ಅಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಭಾವ ಕಿಟಕಿಯ ಬೆಳಕಿಗೆ ನಿಂತೇ ತಿರುಪು ಬಿಗಿದರು. ಕೂತ್ಕೊಳ್ಳಿ ಅಂದವರಿಲ್ಲ, ಹೆಸರು ಕೇಳಿದವರಿಲ್ಲ. ಕೊನೆಯವರು ಒಂದು ನೋಟನ್ನು ಮಡಚಿ ಅವರ ಜೇಬಿಗೆ ತುರುಕಿದರು. ಭಾವ ಹಲ್ಲು ಬಿಟ್ಟು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಹೊರಗೆ ಬಂದಾಗಲೂ ಅವರದು ಅದೇ ಉತ್ಸಾಹ. "ನೋಡಿದ್ಯಾ? ಒಂದೇ ದಿನಕ್ಕೆ ಎಷ್ಟು ಜನ ಪರಿಚಯ ಆದ್ರು!"

"ಅದು ಪರಿಚಯ ಅಲ್ಲರೀ," ಅಂದಳು ಅಕ್ಕ. "ರಿಪೇರಿ."

ಇಷ್ಟಾದರೂ ಭಾವನ ಆಸೆ ಸತ್ತಿರಲಿಲ್ಲ. ಮರುದಿನ ಕ್ಲಬ್ಬಿನ ಕಾರ್ಯದರ್ಶಿಯ ಫೋನ್ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಗಿರಾಕಿಗಳಿಗೂ ಕೇಳಲಿ ಎಂದು ಭಾವ ಸ್ಪೀಕರ್ ಹಾಕಿದರು.

"ಸದಸ್ಯತ್ವದ ವಿಷಯ ಆಮೇಲೆ ನೋಡೋಣ ಬಿಡಿ," ಅಂದಿತು ಆ ದನಿ. "ನೀವು ಭಾನುವಾರ ನಿಮ್ಮ ಸಾಮಾನು ತಗೊಂಡು ಬಂದ್ಬಿಡಿ, ನಮ್ಮೋರಿಗೆ ಅನುಕೂಲ ಆಗತ್ತೆ. ಹಿಂದಿನ ಗೇಟಲ್ಲಿ ಹೇಳಿರ್ತೀನಿ."

ಭಾವನ ಮುಖ ಕಪ್ಪಿಟ್ಟಿತು. ಗಿರಾಕಿಗಳು ಗೋಡೆ ನೋಡತೊಡಗಿದರು.

"ಭಾನುವಾರ ನಮ್ಮಂಗಡಿ ರಜ," ಅಂದು ಭಾವ ಫೋನ್ ಇಟ್ಟರು. ಆ ವಾರವೇ ಕಣ್ಣು ಪರೀಕ್ಷೆಯ ಯಂತ್ರಕ್ಕೆ ಮುಂಗಡ ಕೊಟ್ಟು ಬಂದರು.

ಈಗ ಯಾರಾದರೂ ಕ್ಲಬ್ಬಿನ ಮಾತೆತ್ತಿದರೆ, "ಹೋಗಿ ನೋಡ್ದೆ. ನಮಗೆ ಹಿಡಿಸ್ಲಿಲ್ಲ, ಬೇಡ ಅಂದ್ಬಿಟ್ಟೆ," ಅನ್ನುತ್ತಾರೆ, ಅವರೆಲ್ಲ ಇವರ ಕಾಲಿಗೆ ಬಿದ್ದಿದ್ದರೇನೋ ಎಂಬ ಗತ್ತಿನಲ್ಲಿ. ನನ್ನ ನಾಲಿಗೆ ತುರಿಸುತ್ತದೆ. ಆದರೆ ಅಕ್ಕ ಕಣ್ಣಲ್ಲೇ ಗದರಿಸಿ ನನ್ನ ಬಾಯಿ ಮುಚ್ಚಿಸುತ್ತಾಳೆ.