ದಾಕ್ಷಿಣ್ಯಕ್ಕೆ ಹಾಕಿದ ಮತ

ನನಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಇದನ್ನು ಸದ್ಗುಣವೆಂದು ತಿಳಿದು ಯಾರಾದರೂ ಮೆಚ್ಚಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಇದು ಶುದ್ಧ ಪುಕ್ಕಲುತನ. ದಾವಣಗೆರೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆಯವರು ನನ್ನ ಎಲೆಯ ಮುಂದೆ ನಿಂತರೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದೆ. ಆದರೆ ಒಂದು ಹೋಳಿಗೆ ಜಾರುವಷ್ಟು ಸಂದು ಬಿಟ್ಟೇ ಹಿಡಿಯುತ್ತಿದ್ದೆ. ಕೋಲೆ ಬಸವನಾದರೂ ಒಮ್ಮೊಮ್ಮೆ ಅಡ್ಡಡ್ಡ ತಲೆಯಾಡಿಸುತ್ತಾನೆ, ನಾನು ಅದೂ ಇಲ್ಲ. “ಬಾವಿಗೆ ಬೀಳ್ತೀರಾ ಅಂತ ಯಾರಾದ್ರೂ ಕೇಳಿದ್ರೆ, ಎಷ್ಟು ಗಂಟೆಗೆ ಬರ್ಲಿ ಅಂತೀರಿ ನೀವು” ಎಂದು ನನ್ನ ಹೆಂಡತಿ ವೀಣಾ ಹೇಳುತ್ತಾಳೆ. ಅದಕ್ಕೂ ನಾನು ಹೂಂ ಎಂದಿದ್ದೇನೆ.

ಇಂಥವನನ್ನು ಹಿಡಿದು ಸ್ವೀಡನ್ನಿನ ಒಂದು ಊರು ‘ಹೌದೋ, ಇಲ್ಲವೋ’ ಎಂದು ಕೇಳಿತು. ನಾವಿರುವುದು ಓರೆಬ್ರೂ ಪಕ್ಕದ ಒಂದು ಪುಟ್ಟ ಊರಿನಲ್ಲಿ. ಇಲ್ಲಿನ ನಗರಸಭೆಗೆ ಕೊಮ್ಯೂನ್ ಎನ್ನುತ್ತಾರೆ. ಆ ಕೊಮ್ಯೂನಿನಿಂದ ನನ್ನ ಹೆಸರಿಗೆ ಅಂಚೆಯಲ್ಲಿ ಮತದಾರರ ಚೀಟಿ ಬಂತು. ನಮ್ಮದು ಇನ್ನೂ ಭಾರತದ ಪಾಸ್‌ಪೋರ್ಟೇ. ಆದರೆ ಮೂರು ವರ್ಷ ಇಲ್ಲಿ ನೆಲೆಸಿದವರಿಗೆ ಊರಿನ ವಿಷಯದಲ್ಲಿ ಮತ ಹಾಕುವ ಹಕ್ಕಿದೆ. ಪ್ರಶ್ನೆ ಇಷ್ಟು: ಊರ ನಡುವಿನ ಹಳೆಯ ಈಜುಕೊಳವನ್ನು ಮುಚ್ಚಿ, ಪಕ್ಕದ ಕೊಮ್ಯೂನಿನ ಜೊತೆ ಸೇರಿ ದೂರದಲ್ಲೊಂದು ದೊಡ್ಡ ಈಜುಕೊಳ ಕಟ್ಟಬೇಕೆ? ಹೌದು ಎಂದರೆ ಹೊಸದು, ಇಲ್ಲ ಎಂದರೆ ಹಳೆಯದಕ್ಕೇ ರಿಪೇರಿ.

ನಾನು ಹೊಟ್ಟೆಪಾಡಿಗೆ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಅನಿಶ್ಚಿತ ಸ್ಥಿತಿಯಲ್ಲಿ ನಿರ್ಧಾರ ಮಾಡುವುದು ಹೇಗೆ ಎಂಬ ವಿಷಯದ ಮೇಲೆಯೇ ನನ್ನ ಒಂದು ಇಡೀ ಕೋರ್ಸು ಇದೆ. ವಿದ್ಯಾರ್ಥಿಗಳು ಚೆನ್ನಾಗಿದೆ ಎನ್ನುತ್ತಾರೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬಂತೆ, ಅದರ ಪ್ರಯೋಜನ ನನಗೆ ಮಾತ್ರ ಆಗಿಲ್ಲ. ಆದರೂ ಒಂದು ಹಾಳೆಯ ಮೇಲೆ ಗೆರೆ ಎಳೆದು ಎಡಕ್ಕೆ ಲಾಭ, ಬಲಕ್ಕೆ ನಷ್ಟ ಎಂದು ಬರೆದೆ. ಮರುದಿನ ನೋಡಿದರೆ ಅದರ ಬೆನ್ನಿಗೆ ವೀಣಾ ತೊಗರಿಬೇಳೆ, ಮೊಸರು, ಈರುಳ್ಳಿ ಎಂದು ಬರೆದುಕೊಂಡು ಅಂಗಡಿಗೆ ಹೋಗಿದ್ದಳು. ಆ ಹಾಳೆಯಿಂದ ಆದ ಏಕೈಕ ಉಪಯೋಗ ಅದು.

ತೊಡಕು ಹಾಳೆಯಲ್ಲಿ ಇರಲಿಲ್ಲ, ಪಕ್ಕದ ಮನೆಯಲ್ಲಿತ್ತು. ಅಲ್ಲಿರುವವರು ಗುನಿಲ್ಲಾ, ಎಪ್ಪತ್ತೆಂಟು ವರ್ಷದ ನಿವೃತ್ತ ಈಜು ಶಿಕ್ಷಕಿ. ಆರು ವರ್ಷದ ಹಿಂದೆ, ಸುತ್ತ ಕೆರೆಗಳೇ ತುಂಬಿರುವ ಈ ನಾಡಿನಲ್ಲಿ ಪಾದ ಮುಳುಗುವಷ್ಟು ನೀರಿಗೂ ಹೆದರುವ ಒಬ್ಬ ಗಂಡಸು ತಮ್ಮ ನೆರೆಮನೆಯಲ್ಲೇ ಇದ್ದಾನೆಂದು ಅವರಿಗೆ ಗೊತ್ತಾಯಿತು. ನೀರಿನ ಬಗ್ಗೆ ನನ್ನ ಅನುಭವ ಬಚ್ಚಲಮನೆಯನ್ನು ದಾಟಿರಲಿಲ್ಲ. ಬಾ ಎಂದರು, ನಾನು ಎಂದಿನಂತೆ ಹೂಂ ಎಂದೆ. ಹಳೆಯ ಈಜುಕೊಳದ ಮಕ್ಕಳ ತೊಟ್ಟಿಯಲ್ಲಿ, ತೋಳಿಗೆ ಗಾಳಿ ತುಂಬಿದ ಬಳೆ ಹಾಕಿಕೊಂಡ ನಾಲ್ಕು ವರ್ಷದವರ ಜೊತೆ ನನ್ನ ವಿದ್ಯಾಭ್ಯಾಸ ಆರಂಭವಾಯಿತು. ನಾನು ಮುಳುಗಿದಾಗಲೆಲ್ಲ ಆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ಈಗ ತೇಲುತ್ತೇನೆ, ಈಜುತ್ತೇನೆ. ಪ್ರತಿ ಮಂಗಳವಾರ ನಾವಿಬ್ಬರೂ ಹೋಗುತ್ತೇವೆ, ಆಮೇಲೆ ಕಾಫಿ ಕುಡಿಯುತ್ತೇವೆ. ಗುನಿಲ್ಲಾ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಹೊಸ ಈಜುಕೊಳಕ್ಕೆ ಬಸ್ಸು ಹಿಡಿದು ಹೋಗಬೇಕು, ಚಳಿಗಾಲದಲ್ಲಿ ಬಸ್‌ಸ್ಟಾಪಿನವರೆಗೂ ಮಂಜುಗಡ್ಡೆ. ಹಳೆಯದು ಮುಚ್ಚಿದರೆ ಅವರ ಈಜು ಮುಗಿದಂತೆಯೇ.

ಇನ್ನೊಂದು ತೊಡಕು ನಮ್ಮ ಮನೆಯೊಳಗೇ ಇತ್ತು. ಮಗಳು ಅನಘಾಳಿಗೆ ಹತ್ತು ವರ್ಷ. ಹಳೆಯ ಕೊಳದಲ್ಲಿ ಜಾಗವಿಲ್ಲವೆಂದು ಎರಡು ವರ್ಷದಿಂದ ಈಜಿನ ತಂಡದ ಕಾಯುವ ಪಟ್ಟಿಯಲ್ಲಿದ್ದಾಳೆ. ಅವಳಂಥ ಮಕ್ಕಳು ಊರಲ್ಲಿ ಬೇಕಾದಷ್ಟಿದ್ದಾರೆ. ಅವಳು ಅರ್ಧ ಸ್ವೀಡಿಷ್, ಅರ್ಧ ಕನ್ನಡದಲ್ಲಿ ನನಗೆ ವಿಷಯ ಸ್ಪಷ್ಟಪಡಿಸಿದಳು: “ಅಪ್ಪಾ, ನಂಗೆ ವೋಟ್ ಇಲ್ಲ. ಹದಿನೆಂಟು ಆಗೋವರೆಗೂ ನಿನ್ ವೋಟೇ ನಂದೂ.” ಅವಳಿಗೂ ಹೂಂ ಎಂದೆ.

ಮತದಾನ ಎನ್ನುವುದು ಮೊದಲಿನಿಂದಲೂ ನನ್ನಂಥವರಿಗೆ ವಿರುದ್ಧವಾಗಿಯೇ ಬೆಳೆದು ಬಂದಿದೆ. ಗ್ರೀಕರು ಬೆಣಚುಕಲ್ಲು ಹಾಕಿ ಎಣಿಸುತ್ತಿದ್ದರಂತೆ. ಈ ಉತ್ತರದ ಜನ ಹಿಂದೆ ಬಯಲಲ್ಲಿ ಸಭೆ ಸೇರಿ, ಒಪ್ಪಿಗೆಯಾದರೆ ಆಯುಧಗಳನ್ನು ಬಡಿದು ಸದ್ದು ಮಾಡುತ್ತಿದ್ದರಂತೆ. ನಾನಿದ್ದಿದ್ದರೆ ಎರಡೂ ಕಡೆಯವರ ಪರವಾಗಿ ಆಯುಧ ಬಡಿದು, ಕತ್ತಿ ಮೊಂಡಾಗಿಸಿಕೊಂಡು ಮನೆಗೆ ಬರುತ್ತಿದ್ದೆ. ಇನ್ನೂ ಒಂದು ತಮಾಷೆ ಎಂದರೆ ಇಲ್ಲಿ ಜನರ ಈ ತೀರ್ಪು ಬರೀ ಸಲಹೆ, ಕೊಮ್ಯೂನ್ ಅದನ್ನು ಪಾಲಿಸಲೇಬೇಕೆಂದಿಲ್ಲ. ನಮ್ಮ ಕಡೆ ಕೇಳದಿದ್ದರೂ ಸಲಹೆ ಕೊಡುತ್ತೇವೆ. ಇವರು ಮನೆಮನೆಗೆ ಚೀಟಿ ಕಳಿಸಿ ಸಲಹೆ ಕೇಳಿ, ಆಮೇಲೆ ಯೋಚಿಸಿ ನೋಡುತ್ತಾರೆ.

ಇಲ್ಲಿ ಮತದಾನದ ದಿನಕ್ಕಿಂತ ಮುಂಚೆಯೇ ಊರಿನ ಲೈಬ್ರರಿಯಲ್ಲಿ ಮತ ಹಾಕಿಬಿಡಬಹುದು. ಒಂದು ಮಂಗಳವಾರ ಈಜು ಮುಗಿಸಿದ ಮೇಲೆ ಗುನಿಲ್ಲಾ, “ಮತದಾನದ ದಿನ ನನಗೆ ಬೇರೆ ಕೆಲಸವಿದೆ. ಲೈಬ್ರರಿ ತೆರೆದಿದೆ, ಹಾಕಿಯೇ ಹೋಗೋಣವಾ?” ಎಂದರು. ಒದ್ದೆ ತಲೆಯಲ್ಲೇ ಹೋದೆವು. ಮರೆಯ ಹಿಂದೆ ಮೂರು ಬಗೆಯ ಚೀಟಿ ಇಟ್ಟಿದ್ದರು: ಹೌದು, ಇಲ್ಲ, ಮತ್ತು ಏನೂ ಬರೆಯದ ಖಾಲಿ ಚೀಟಿ. ಖಾಲಿ ಚೀಟಿಯನ್ನು ನನಗಾಗಿಯೇ ಅಚ್ಚು ಹಾಕಿಸಿದಂತಿತ್ತು. ಆದರೆ ಮರೆಯ ಆಚೆ ಗುನಿಲ್ಲಾ ಕೆಮ್ಮಿದ್ದು ಕೇಳಿಸಿತು. ನನ್ನ ಕೈ ತಾನಾಗಿ ‘ಇಲ್ಲ’ವನ್ನು ಎತ್ತಿಕೊಂಡಿತು. ಲಕೋಟೆ ಒಪ್ಪಿಸಿದ ಮೇಲೆ ಹಳೆಯ ಅಭ್ಯಾಸಬಲದಿಂದ ಎಡಗೈ ತೋರುಬೆರಳು ಚಾಚಿ ನಿಂತೆ. ಮಸಿ ಬರಲಿಲ್ಲ. ಮೇಜಿನ ಹಿಂದಿನ ಹುಡುಗಿ ಒಂದು ಕ್ಷಣ ಬೆರಳನ್ನು ನೋಡಿ, ಅದು ತೋರಿಸುತ್ತಿದ್ದ ದಿಕ್ಕಿಗೆ ತಿರುಗಿ, “ಟಾಯ್ಲೆಟ್ ಆ ಕಡೆ” ಎಂದಳು.

ಹೊರಗೆ ಬಂದ ಮೇಲೆ ಗುನಿಲ್ಲಾ ಏನೂ ಕೇಳಲಿಲ್ಲ. ಕೇಳಿದ್ದರೆ ಮರ್ಯಾದೆಯಾಗಿ ನುಣುಚಿಕೊಳ್ಳಬಹುದಿತ್ತು. ಕೇಳಲಿಲ್ಲವಾದ್ದರಿಂದ ನಾನೇ, “ಹಳೆಯದಕ್ಕೇ ಹಾಕಿದೆ” ಎಂದುಬಿಟ್ಟೆ. ಅವರ ಮುಖ ಅರಳಿತು. ನಾನು ಟವೆಲ್ ತೆಗೆದು, ಒದ್ದೆ ತಲೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡೆ.

ಅಂದು ಊಟಕ್ಕೆ ಕೂತಾಗ ಅನಘಾ ಕೇಳಿದಳು: “ಯಾವ್ದಕ್ ಹಾಕ್ದೆ?”

“ಅದು ಗುಪ್ತ ಮತದಾನ ಪುಟ್ಟಿ. ಯಾರಿಗೂ ಹೇಳ್ಬಾರ್ದು.”

“ಮತ್ತೆ ಗುನಿಲ್ಲಾಜ್ಜಿಗೆ ಹೇಳಿದ್ಯಲ್ಲ?”

ಅಜ್ಜಿ ಸಂತೋಷದಲ್ಲಿ ಬೇಲಿಯ ಹತ್ತಿರ ಹೇಳಿಕೊಂಡಿದ್ದರು. ಮಗಳು ಅಳುತ್ತಾಳೆ, ಸಿಟ್ಟು ಮಾಡುತ್ತಾಳೆ ಎಂದುಕೊಂಡೆ. ಅವಳು ಚಪಾತಿ ಮುರಿಯುತ್ತಾ, “ಪರ್ವಾಗಿಲ್ಲ ಅಪ್ಪ. ಅದೇ ಸರಿ ಅಂತ ನಿಂಗೆ ಅನ್ಸಿದ್ರೆ ಓಕೆ” ಎಂದಳು. ಬೈದಿದ್ದರೆ ಸಹಿಸುತ್ತಿದ್ದೆ. ಅದೇ ಸರಿ ಎಂದು ನನಗೆ ಅನ್ನಿಸಿಯೇ ಇರಲಿಲ್ಲವಲ್ಲ! ಅಷ್ಟೊಂದು ಮಕ್ಕಳು ಕಾಯುತ್ತಿರುವಾಗ ಹೊಸ ಕೊಳ ಬೇಕೆಂದೇ ನನ್ನ ಮನಸ್ಸು ಹೇಳುತ್ತಿತ್ತು. ಮಗಳು ನನ್ನಲ್ಲಿ ಇಲ್ಲದ ಪ್ರಾಮಾಣಿಕತೆಯನ್ನು ನನ್ನ ತಟ್ಟೆಗೆ ಬಡಿಸಿದ್ದಳು. ನಾಚಿಕೆಯಾಯಿತು. ನಿಜವಾಗಿ ಬಹಳ ನಾಚಿಕೆಯಾಯಿತು.

ವೀಣಾ ಎದ್ದು ಹೋಗಿ ಮತದಾರರ ಚೀಟಿಯ ಜೊತೆ ಬಂದಿದ್ದ ಸೂಚನೆಗಳ ಹಾಳೆ ತಂದಳು. ನಮ್ಮ ಮನೆಯಲ್ಲಿ ಇಂಥ ಹಾಳೆಗಳನ್ನು ಪೂರ್ತಿ ಓದುವವಳು ಅವಳೊಬ್ಬಳೇ. “ಇಲ್ನೋಡ್ರೀ. ಮೊದ್ಲೇ ವೋಟ್ ಹಾಕ್ದೋರು ಮನಸ್ಸು ಬದಲಾದ್ರೆ, ಭಾನುವಾರ ತಮ್ಮ ಮತಗಟ್ಟೆಗೇ ಹೋಗಿ ಇನ್ನೊಂದ್ಸಲ ಹಾಕ್ಬಹುದಂತೆ. ಹಳೇದು ಕ್ಯಾನ್ಸಲ್.” ಇದಕ್ಕೆ ಇಲ್ಲಿಯವರು ಇಟ್ಟಿರುವ ಹೆಸರೇ ಪಶ್ಚಾತ್ತಾಪದ ಮತ. ನನಗೆ ರೋಮಾಂಚನವಾಯಿತು. ನಮ್ಮಲ್ಲಿ ಬೆರಳಿಗೆ ಮಸಿ ಹಚ್ಚಿದ ಮೇಲೆ ಮುಗಿಯಿತು, ಪಶ್ಚಾತ್ತಾಪಕ್ಕೆ ಐದು ವರ್ಷ ಕಾಯಬೇಕು. ಈ ದೇಶ ದಾಕ್ಷಿಣ್ಯದ ಜನರಿಗೂ ಒಂದು ಹಿಂಬಾಗಿಲು ಇಟ್ಟಿದೆ ಎಂದುಕೊಂಡೆ.

ಭಾನುವಾರ ಶಾಲೆಯ ಮತಗಟ್ಟೆಗೆ ಹೋದೆ. ಮೇಜಿನ ಹಿಂದೆ, ಕೊರಳಿಗೆ ಅಧಿಕಾರಿಯ ಬಿಲ್ಲೆ ಹಾಕಿಕೊಂಡು, ಮತದಾರರ ಪಟ್ಟಿಯ ಮೇಲೆ ಅಡಿಕೋಲು ಇಟ್ಟುಕೊಂಡು ಗುನಿಲ್ಲಾ ಕೂತಿದ್ದರು.

ಗುಪ್ತ ಮತದಾನದ ಒಂದು ಲೋಪ ಆಗ ನನಗೆ ಹೊಳೆಯಿತು. ಮತವೇನೋ ಗುಪ್ತ, ಪಶ್ಚಾತ್ತಾಪ ಮಾತ್ರ ಬಹಿರಂಗ. ನಾನು ಆಗಲೇ ಮತ ಹಾಕಿದ್ದು ಅವರಿಗೆ ಗೊತ್ತು. ಯಾವುದಕ್ಕೆ ಎನ್ನುವುದನ್ನೂ ನಾನೇ ಹೇಳಿದ್ದೇನೆ. ಈಗ ಮತ್ತೆ ಬಂದಿದ್ದೇನೆ ಎಂದರೆ ಕಾರಣ ಊಹಿಸಲು ಸಂಖ್ಯಾಶಾಸ್ತ್ರ ಬೇಕಿಲ್ಲ. ಸುಮ್ಮನೆ ನೋಡಿ ಹೋಗಲು ಬಂದೆ ಎಂದು ಹೇಳಿ ಹಿಂದಿರುಗುವ ಯೋಚನೆ ಬಂದದ್ದು ನಿಜ. ಕಾಲು ಬಾಗಿಲ ಕಡೆ ತಿರುಗಿಯೂ ಇತ್ತು. ಚಪಾತಿ ಮುರಿಯುತ್ತಿದ್ದ ಮಗಳ ಮುಖ ನೆನಪಾಗಿ ಒಳಗೆ ಹೋಗಿ ‘ಹೌದು’ ಚೀಟಿ ಆರಿಸಿಕೊಂಡು ಬಂದೆ. ನಾನು ಇಷ್ಟು ವರ್ಷದ ನೆರೆಯವನಾದರೂ, ನಮ್ಮನೆ ಬಿಸಿಬೇಳೆಬಾತನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡವರಾದರೂ, ಗುನಿಲ್ಲಾ ನನ್ನ ಗುರುತಿನ ಚೀಟಿ ಕೇಳಿ ಪಡೆದು, ಫೋಟೋ ನೋಡಿ, ಮುಖ ನೋಡಿ, ಪಟ್ಟಿಯಲ್ಲಿ ಗೆರೆ ಹಾಕಿದರು. “ಗುನಿಲ್ಲಾ, ನಾನು...” ಎಂದು ಶುರುಮಾಡಿದೆ. “ಈ ಕೋಣೆಯಲ್ಲಿ ಆ ಮಾತು ಆಡುವ ಹಾಗಿಲ್ಲ” ಎಂದು, ಲಕೋಟೆಯನ್ನು ಪೆಟ್ಟಿಗೆಗೆ ಹಾಕಿ, ನನ್ನ ಹಿಂದಿದ್ದವರನ್ನು ಕರೆದರು.

ಫಲಿತಾಂಶ ಹೇಳಿಬಿಡುತ್ತೇನೆ. ಹೊಸ ಈಜುಕೊಳ ಗೆದ್ದಿತು. ಗೆದ್ದದ್ದು ಸಲಹೆ ಮಾತ್ರವಾದ್ದರಿಂದ ಕೊಮ್ಯೂನ್ ಒಂದು ಸಮಿತಿ ಮಾಡಿ ವರದಿ ಕೇಳಿದೆ. ವರದಿ ಬಂದು, ಚರ್ಚೆಯಾಗಿ, ಇಟ್ಟಿಗೆ ಏಳುವವರೆಗೆ ಹಳೆಯದು ತೆರೆದಿರುತ್ತದೆ. ಅದೆಲ್ಲ ಊರಿನ ಫಲಿತಾಂಶ. ನನ್ನದು ಮತದಾನದ ಮರುದಿನ ಸಂಜೆಯೇ ಬಂತು, ಬಾಗಿಲ ಗಂಟೆ ಬಾರಿಸಿಕೊಂಡು.

ಗುನಿಲ್ಲಾ ಕೈಯಲ್ಲಿ ಏಲಕ್ಕಿ ಬನ್ನುಗಳ ತಟ್ಟೆ ಹಿಡಿದು ನಿಂತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವುದರೊಳಗೆ ಅವರೇ ಮಾತಾಡಿದರು. ಅವರ ಸ್ವೀಡಿಷನ್ನು ಕನ್ನಡಕ್ಕೆ ತಂದರೆ ಹೀಗೆ: “ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ. ರಾತ್ರಿಯೆಲ್ಲ ಯೋಚಿಸಿದೆ. ಆರು ವರ್ಷದಿಂದ ನಾನು ಕೇಳಿದ್ದಕ್ಕೆಲ್ಲ ನೀನು ಹೂಂ ಅಂದಿದ್ದೀಯ. ಅದರಲ್ಲಿ ನಿಜವಾದ ಹೂಂ ಯಾವುದು ಅಂತ ನನಗೆ ಒಮ್ಮೆಯೂ ಗೊತ್ತಾಗಲಿಲ್ಲ. ನಿನ್ನೆ ಮೊದಲ ಸಲ ನನಗೆ ಇಲ್ಲ ಅಂದೆ. ಈಗ ನಿನ್ನನ್ನು ಒಂದು ಮಾತು ಕೇಳಬಹುದು. ಮಂಗಳವಾರ ನನ್ನ ಜೊತೆ ಬರುತ್ತೀಯಲ್ಲ, ಅದು ಇಷ್ಟವಿದ್ದೋ, ಇಲ್ಲ ಅನ್ನೋಕಾಗದೆಯೋ?”

“ಇಷ್ಟವಿದ್ದೇ” ಎಂದೆ.

ಗುನಿಲ್ಲಾ ನನ್ನ ಮುಖ ನೋಡಿದರು, ಒಪ್ಪಿಗೆಯಾಗಿ ತಲೆಯಾಡಿಸಿದರು, ತಟ್ಟೆ ಮುಂದೆ ಚಾಚಿದರು. ಬದುಕಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಹೂಂ ಎಂದಿದ್ದೇನೆ. ಒಬ್ಬರು ಅದನ್ನು ಪೂರ್ತಿ ನಂಬಿದ್ದನ್ನು ಕಂಡದ್ದು ಅದೇ ಮೊದಲು. ಆ ಸಂತೋಷ ತಲೆಗೇರಿ, ಒಂದು ಬನ್ನು ತಿಂದು, ಏಲಕ್ಕಿ ಸ್ವಲ್ಪ ಸಾಲದು ಎಂದೂ ಹೇಳಿಬಿಟ್ಟೆ.

ಒಳಗಿನಿಂದ ವೀಣಾಳ ದನಿ ಬಂತು: “ರೀ, ಸಾಕು. ಎಲ್ಲಾ ಒಂದೇ ವಾರಕ್ಕೆ ಬೇಡ.”