ಭಾವನ ಎಮ್ಮೆ, ನನ್ನ ಹೊಂಡ

ನಮ್ಮ ಮನೆತನದಲ್ಲಿ ಭಾವ ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವುದಿಲ್ಲ. ನನ್ನ ಗಂಡನ ಅಣ್ಣ ನನ್ನನ್ನು ಬೈಯಬೇಕಾದಾಗ ತಮ್ಮ ಎಮ್ಮೆಯನ್ನು ಬೈಯುತ್ತಿದ್ದರು. ನಾನೂ ಕಡಿಮೆಯವಳಲ್ಲ, ಉತ್ತರವನ್ನು ಆ ಎಮ್ಮೆಗೇ ಕೊಡುತ್ತಿದ್ದೆ.

ಯಂಕಂಚಿಯಲ್ಲಿ ಅವರ ಹೊಲ ಮೇಲೆ, ನಮ್ಮದು ಅದರ ಕೆಳಗೆ. ಗಂಡನಿಗೆ ಸಿಂದಗಿಯಲ್ಲಿ ಅಂಗಡಿ, ಹೊಲ ನೋಡುವವಳು ನಾನೇ. ಪ್ರತಿ ದೊಡ್ಡ ಮಳೆಗೂ ಭಾವ ತಮ್ಮ ಒಡ್ಡು ಒಡೆದು ನೀರನ್ನೆಲ್ಲ ನನ್ನ ತೊಗರಿಗೆ ನುಗ್ಗಿಸುತ್ತಿದ್ದರು. ನೀರಿನ ಜೊತೆ ನನ್ನ ಎರೆಮಣ್ಣೂ ಹಳ್ಳ ಸೇರುತ್ತಿತ್ತು. ಕೊನೆಗೆ ಜೆಸಿಬಿ ತರಿಸಿ ಬದುವಿನ ಕೆಳಗೇ ಅಗಲವಾದ ಹೊಂಡ ತೋಡಿಸಿದೆ. ತುಂಬಿ ಮಿಕ್ಕ ನೀರು ಹಳ್ಳಕ್ಕೆ ಹೋಗಲು ಒಂದು ಕೋಡಿ ಬಿಡಿಸಿದೆ.

“ಏ ಎಮ್ಮಿ, ಬಂಗಾರದಂಥ ಭೂಮ್ಯಾಗ ತಗ್ಗು ತೋಡಾಕತ್ತಾರ, ನೋಡು,” ಎಂದರು ಭಾವ.

“ಒಡ್ಡು ಒಡಿಯೂದು ಬಿಟ್ರ ನಾಳೇನ ಮುಚ್ಚತೇನಂತ ನಿನ್ನ ಮಾಲಕರಿಗೆ ಹೇಳು,” ಎಂದೆ.

ಆ ವರ್ಷ ತೊಗರಿ ಉಳಿಯಿತು. ನೀರು ಬೇಸಿಗೆಯವರೆಗೂ ನಿಂತಿತು. ಕೊಕ್ಕರೆಗಳು ಬಂದವು, ಸಂಜೆ ಚಿಗರಿ ಜಿಂಕೆಗಳ ಹಿಂಡು ಬಂದು ನೀರಿಗೆ ಬಾಯಿ ಹಚ್ಚುತ್ತಿತ್ತು. ಅವುಗಳ ಹಿಂದೆಯೇ ಭಾವನ ಎಮ್ಮೆಯೂ ಬಂತು. ನನಗೆ ಮೈಯೆಲ್ಲ ಉರಿಯಿತು. ನನ್ನ ಮಣ್ಣು ಕೊಚ್ಚಿಹೋಗುವಂತೆ ಮಾಡಿದವರ ಎಮ್ಮೆ ನನ್ನ ನೀರು ಕುಡಿಯಬೇಕೆ? ಹೊಂಡಕ್ಕೆ ಇಳಿಜಾರಿದ್ದದ್ದು ಅವರ ಬದಿಗೆ ಮಾತ್ರ. ಅಲ್ಲಿ ಜಾಲಿ ಮುಳ್ಳಿನ ಹೊರೆಗಳನ್ನು ಒಟ್ಟಿಸಿದೆ. ಮರುದಿನ ಚಿಗರಿಗಳು ಮುಳ್ಳಿನವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ಹಿಂದಿರುಗಿದವು. ನೋಡಿದೆ. ಮುಳ್ಳು ತೆಗೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಎರಡು ದಿನ ಬಿಡದೆ ಸುರಿಯಿತು. ನಾನು ಹೊಲ ಮುಟ್ಟುವಷ್ಟರಲ್ಲಿ ಮುಳ್ಳಿನ ಹೊರೆಗಳೆಲ್ಲ ತೇಲಿಹೋಗಿ ಕೋಡಿಯನ್ನು ಮುಚ್ಚಿದ್ದವು. ಹೊಂಡದ ದಂಡೆ ಒಡೆದು, ಹೂ ಬಿಡಲಿದ್ದ ತೊಗರಿ ಬೇರುಸಮೇತ ಹೋಗಿತ್ತು. ಭಾವ ಬದುವಿನ ಮೇಲೆ ನಿಂತಿದ್ದರು. ಬಾಯಿಗೆ ಬಂದಂತೆ ಬೈದೆ. ಒಡ್ಡು ಒಡೆದ ಕೈಗೆ ಹುಳ ಬೀಳಲಿ ಎಂದೆ.

ಅವತ್ತು ಎಮ್ಮೆ ಜೊತೆಗಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಭಾವ ನನ್ನ ಮುಖ ನೋಡಿ ಮಾತಾಡಿದರು.

“ಈ ಸಲ ಒಡ್ಡು ನಾ ಒಡದಿಲ್ಲವ್ವಾ. ಮುಳ್ಳು ನೀನ ಹಾಕಿದ್ದಿ.”

ತಲೆಯೆತ್ತಿ ನೋಡಿದೆ. ಮಿಕ್ಕ ನೀರಿಗೆಂದು ಬಿಟ್ಟಿದ್ದ ಕಲ್ಲುಗಂಡಿಯಿಂದ ನೀರು ಹರಿಯುತ್ತಿದ್ದರೂ ಅವರ ಒಡ್ಡು ಗಟ್ಟಿಯಾಗಿಯೇ ನಿಂತಿತ್ತು. ಉತ್ತರ ಕೊಡೋಣವೆಂದರೆ ಎಮ್ಮೆಯೂ ಇರಲಿಲ್ಲ.